ಅಂತರ್ಜಾಲದ ಪರಿಚಯಪತ್ರ ಮತ್ತು ಶ್ರಾವಕನ ಸತ್ಯಾಣುವ್ರತ

ವ್ಯಾಪಾರಿಗೆ ಹೆಸರೇ ಮೊದಲ ಬಂಡವಾಳವೆಂಬುದು ಸೋಲಾಪುರದ ಪೇಟೆಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಚಾದರವಿರಲಿ, ಬೇಳೆಕಾಳಿರಲಿ, ಚಿನ್ನಬೆಳ್ಳಿಯಿರಲಿ, ಪರಸ್ಥಳದ ಗಿರಾಕಿಯು ಹೊಸ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನಾಲ್ಕು ಕಡೆ ವಿಚಾರಿಸುತ್ತಿದ್ದನು. ಇಳಿದುಕೊಂಡ ಧರ್ಮಶಾಲೆಯಲ್ಲಿ ಕೇಳುತ್ತಿದ್ದನು, ದಲಾಲನನ್ನು ಕೇಳುತ್ತಿದ್ದನು, ಎದುರು ಸಾಲಿನ ಅಂಗಡಿಯವನನ್ನೂ ಕೇಳಲು ಹಿಂಜರಿಯುತ್ತಿರಲಿಲ್ಲ. "ಅವರ ತೂಕ ಹೆಂಗ? ಮಾತು ಹೆಂಗ?" ಎಂಬ ಎರಡು ಪ್ರಶ್ನೆಗಳಿಗೆ ದೊರೆತ ಉತ್ತರವೇ ಆ ಅಂಗಡಿಯ ಪತ್ತು ಎನಿಸುತ್ತಿತ್ತು. ಈ ಏರ್ಪಾಡಿನಲ್ಲಿ ಅಂಗಡಿಯ ಮಾಲೀಕನು ತನ್ನ ಬಗ್ಗೆ ತಾನೇ ಏನನ್ನೂ ಹೇಳಬೇಕಾಗಿರಲಿಲ್ಲ. ಹೇಳಿದರೆ ಅದು ಅವನ ಪತ್ತಿಗೆ ಕುಂದೇ ಆಗುತ್ತಿತ್ತು. ತನ್ನ ಪ್ರಶಂಸೆ ಪರರ ಬಾಯಲ್ಲಿರಬೇಕು ಎಂಬುದು ಪೇಟೆಯ ಅಲಿಖಿತ ನಿಯಮವಾಗಿತ್ತು.

ಈಗ ಆ ಕ್ರಮ ತಿರುವುಮುರುವಾಗಿದೆ. ಭಾರತದಲ್ಲಿ ನೌಕರಿ ಡಾಟ್ ಕಾಮ್ 1997ರಲ್ಲಿ ಆರಂಭವಾಯಿತು. ಅಮೆರಿಕೆಯ ಲಿಂಕ್ಡ್‌ಇನ್ 2003ರಲ್ಲಿ ತೆರೆದುಕೊಂಡು, 2023ರಲ್ಲಿ ತನ್ನ ಸದಸ್ಯರ ಸಂಖ್ಯೆ 100 ಕೋಟಿಯನ್ನು ದಾಟಿತೆಂದು ಪ್ರಕಟಿಸಿತು. ಅಂಗಡಿಕಾರರಿಗಾಗಿ ಇಂಡಿಯಾಮಾರ್ಟ್, ಜಸ್ಟ್ ಡಯಲ್ ಮುಂತಾದವು ಇವೆ. ಗೂಗಲ್ ನಕ್ಷೆಯಲ್ಲಿ ಪ್ರತಿಯೊಂದು ಅಂಗಡಿಗೂ ಒಂದು ಪುಟವಿದೆ. ಇವೆಲ್ಲವುಗಳಲ್ಲಿಯೂ ಮೊದಲು ಮಾಡಬೇಕಾದ ಕೆಲಸ ಒಂದೇ: ತನ್ನ ಪರಿಚಯವನ್ನು ತಾನೇ ಬರೆದುಕೊಳ್ಳುವುದು. ತರುಣರು ಇದನ್ನು ಪ್ರೊಫೈಲ್ ಎನ್ನುತ್ತಾರೆ. ಓದುವವನು ಹೈದರಾಬಾದಿನಲ್ಲಿರಬಹುದು, ದುಬೈಯಲ್ಲಿರಬಹುದು. ಅವನಿಗೆ ಧರ್ಮಶಾಲೆಯೂ ಇಲ್ಲ, ದಲಾಲನೂ ಇಲ್ಲ. ಬರೆದುಕೊಂಡ ನಾಲ್ಕು ಸಾಲನ್ನು ನಂಬಿಯೇ ಅವನು ಹಣ ಕಳುಹಿಸಬೇಕು ಅಥವಾ ನೌಕರಿ ಕೊಡಬೇಕು. ಹಾಗಾದರೆ ಶ್ರಾವಕನೊಬ್ಬನು ಈ ನಾಲ್ಕು ಸಾಲುಗಳನ್ನು ಬರೆಯುವ ಬಗೆ ಹೇಗೆ?

ತನ್ನ ಬಗ್ಗೆ ಬರೆದುಕೊಳ್ಳುವುದೇ ಆತ್ಮಪ್ರಶಂಸೆಯಲ್ಲವೇ ಎಂಬ ಸಂಕೋಚ ಹಿರಿಯರಲ್ಲಿ ಇಂದಿಗೂ ಇದೆ. ಈ ಸಂಕೋಚಕ್ಕೆ ಶಾಸ್ತ್ರದ ಆಧಾರವೂ ಇದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಪ್ರಕಟಿಸುವುದು, ಈ ನಾಲ್ಕನ್ನು ಒಟ್ಟಿಗೆ ಇಟ್ಟಿದ್ದಾರೆ. ಆದರೆ ಉದ್ಯೋಗ ಕೇಳುವವನು ತಾನು ಕಲಿತ ವಿದ್ಯೆಯನ್ನು ತಿಳಿಸುವುದು ಪ್ರಶಂಸೆಯಲ್ಲ, ಸಮಾಚಾರ. ಅಂಗಡಿಯಲ್ಲಿ ಏನು ಸಿಗುತ್ತದೆ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ಬರೆದರೆ ದೋಷವೇನು? ದೋಷ ಹುಟ್ಟುವುದು ಆ ನಾಲ್ಕನೆಯ ಕಾರಣದಿಂದ, ಇಲ್ಲದಿರುವುದನ್ನು ಇದೆಯೆಂದು ತೋರಿಸುವಲ್ಲಿ. ಮೂರನೆಯದರ ವಿಷಯ, ಅಂದರೆ ಪರರ ಗುಣವನ್ನು ಮುಚ್ಚುವ ವಿಷಯ, ಮುಂದೆ ಬರುತ್ತದೆ. ಅದು ಜನ ಭಾವಿಸುವುದಕ್ಕಿಂತ ಹೆಚ್ಚು ಮನೆಗೆ ಹತ್ತಿರವಾದುದು.

ಒಂದು ಅಂಗಡಿಯ ಸಂಗತಿಯನ್ನು ತೆಗೆದುಕೊಳ್ಳಬಹುದು. ಹೆಸರು ಬೇಡ, ಏಕೆಂದರೆ ಇಂತಹವು ಪ್ರತಿಯೊಂದು ಗಲ್ಲಿಯಲ್ಲಿಯೂ ಇವೆ. ತಂದೆ ಚಾದರ, ಟವೆಲುಗಳ ಸಗಟು ವ್ಯಾಪಾರಿ. ಮಗ ಬಿ.ಕಾಂ. ಮುಗಿಸಿ ಅಂಗಡಿಗೆ ಬಂದವನು. ಅವನು ಒಂದು ವಾರ ರಾತ್ರಿಯೆಲ್ಲ ಕುಳಿತು ಅಂಗಡಿಯ ಪುಟವನ್ನು ಸಿದ್ಧಪಡಿಸಿ, ತಂದೆಯ ಕೈಗೆ ಮೊಬೈಲ್ ಕೊಟ್ಟನು. ಅದರಲ್ಲಿ ಅಂಗಡಿಯನ್ನು 'ತಯಾರಕರು ಮತ್ತು ರಫ್ತುದಾರರು' ಎಂದು ಬರೆಯಲಾಗಿತ್ತು. ಸಾಲುಸಾಲಾಗಿ ಮಗ್ಗಗಳು ನಿಂತಿರುವ ದೊಡ್ಡ ಕಾರ್ಖಾನೆಯ ಚಿತ್ರವಿತ್ತು. ಕೆಳಗೆ ಹದಿನೆಂಟು ಜನ ಐದೈದು ನಕ್ಷತ್ರ ಕೊಟ್ಟು ಹೊಗಳಿದ್ದರು. ಅವರಲ್ಲಿ ಹನ್ನೊಂದು ಜನ ಸೋದರಮಾವನ ಮಕ್ಕಳು, ಕಾಲೇಜಿನ ಗೆಳೆಯರು. ತಂದೆ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಅಂಗಡೀನೇನು ತಮ್ಮಾ?" ಎಂದು ಕೇಳಿದರು. ಮಗ, "ಎಲ್ಲಾರೂ ಹಿಂಗ ಹಾಕತಾರ ಅಪ್ಪಾ. ವ್ಯಾಪಾರಿ ಅಂತ ಹಾಕಿದರ ಯಾರೂ ಫೋನ್ ಮಾಡೂದಿಲ್ಲ" ಎಂದನು.

ಮಗನ ಮಾತು ಪೂರ್ತಿ ಸುಳ್ಳಲ್ಲ. ದೂರದ ಗಿರಾಕಿಯು ನಡುವಿನ ಲಾಭವನ್ನು ಉಳಿಸಲೆಂದು ತಯಾರಕನನ್ನೇ ಹುಡುಕುತ್ತಾನೆ. ಆದುದರಿಂದಲೇ ಆ ಒಂದು ಶಬ್ದದ ಬೆಲೆ ಹೆಚ್ಚು, ಮತ್ತು ಅದೇ ಕಾರಣದಿಂದ ಅದು ಕೇವಲ ಅಲಂಕಾರದ ಶಬ್ದವಲ್ಲ. ಅದನ್ನು ನಂಬಿ ಗಿರಾಕಿ ದರವನ್ನು ಒಪ್ಪುತ್ತಾನೆ. ಸೋಲಾಪುರದವರಿಗೆ ಈ ನೋವು ಇನ್ನೊಂದು ಬದಿಯಿಂದ ಚೆನ್ನಾಗಿ ಗೊತ್ತು. ಸೋಲಾಪುರಿ ಚಾದರಕ್ಕೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೇರೆಡೆ ನೇಯ್ದ ಸರಕನ್ನು ಸೋಲಾಪುರದ ಹೆಸರಿನಲ್ಲಿ ಮಾರಿದಾಗ ಇಲ್ಲಿಯ ವ್ಯಾಪಾರಿ ಸಿಟ್ಟಾಗುತ್ತಾನೆ, ಅದು ನ್ಯಾಯವೇ. ಆದರೆ ಪರರು ಸೋಲಾಪುರದ ಹೆಸರನ್ನು ತಮ್ಮ ಚಾದರಕ್ಕೆ ಅಂಟಿಸುವುದಕ್ಕೂ, ಸೋಲಾಪುರದ ವ್ಯಾಪಾರಿ ಪರರ ಕಾರ್ಖಾನೆಯ ಚಿತ್ರವನ್ನು ತನ್ನ ಪುಟಕ್ಕೆ ಅಂಟಿಸುವುದಕ್ಕೂ ಜಾತಿಭೇದವೇನಿದೆ? ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಕೊನೆಯದಾದ ಪ್ರತಿರೂಪಕ ವ್ಯವಹಾರವೆಂದರೆ ಅಸಲಿನಂತೆ ಕಾಣುವ ನಕಲಿಯನ್ನು ಅಸಲೆಂದು ನಡೆಸುವುದು. ಹಿಂದಿನವರ ಕಣ್ಣ ಮುಂದೆ ಖೋಟಾ ಚಿನ್ನ, ಕಲಬೆರಕೆಯ ತುಪ್ಪ ಇದ್ದವು. ಚಿತ್ರವೂ ಸರಕೇ ಆಗಿರುವ ಈ ಕಾಲದಲ್ಲಿ ಆ ಅತಿಚಾರದ ವ್ಯಾಪ್ತಿಯನ್ನು ಅಷ್ಟಕ್ಕೇ ನಿಲ್ಲಿಸಲಾಗದು.

ಜಿಎಸ್‌ಟಿ ಸಂಖ್ಯೆಯೊಂದು ಕೈಯಲ್ಲಿದ್ದರೆ ಅಂಗಡಿಯವನು ತಯಾರಕನಾಗಿ ನೋಂದಾಯಿಸಿದ್ದಾನೋ ಸಗಟು ವ್ಯಾಪಾರಿಯಾಗಿಯೋ ಎಂಬುದನ್ನು ಸರಕಾರದ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಸಿಕ್ಕಿಬೀಳುವ ಭಯ ತೋರಿಸಿ ಮಗನನ್ನು ತಿದ್ದುವ ದಾರಿ ಇದು. ಆದರೆ ಭಯದಿಂದ ನುಡಿದ ಸತ್ಯ ವ್ರತವಾಗುವುದಿಲ್ಲ. ಸರಕಾರದ ಪುಟ ಒಂದು ದಿನ ಕೆಟ್ಟು ನಿಂತರೆ ಅದೂ ನಿಂತುಹೋದೀತು.

ಆ ಹದಿನೆಂಟು ಹೊಗಳಿಕೆಗಳ ವಿಷಯ ಇನ್ನೂ ಗಂಭೀರ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸಾಮಾನ್ಯವಾಗಿ ಇದನ್ನು ಖೋಟಾ ದಸ್ತಾವೇಜು, ಸುಳ್ಳು ಲೆಕ್ಕ ಎಂದಷ್ಟೇ ತಿಳಿಯಲಾಗುತ್ತದೆ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಅರ್ಥ ಹೆಚ್ಚು ಸೂಕ್ಷ್ಮವಾದುದು: ಇನ್ನೊಬ್ಬನು ಹೇಳದಿರುವುದನ್ನು, ಮಾಡದಿರುವುದನ್ನು, ಅವನು ಹೇಳಿದನು ಮಾಡಿದನು ಎಂದು ವಂಚನೆಗಾಗಿ ಬರೆಯುವುದು. ಚಾದರವನ್ನೇ ಕೊಳ್ಳದ ಗೆಳೆಯನ ಹೆಸರಿನಲ್ಲಿ 'ಉತ್ತಮ ಮಾಲು, ಸಕಾಲಕ್ಕೆ ತಲುಪಿತು' ಎಂದು ಬರೆಯಿಸಿದರೆ ಅದು ಈ ಅರ್ಥಕ್ಕೆ ಅಕ್ಷರಶಃ ಹೊಂದುತ್ತದೆ. ಆಚಾರ್ಯರು ಅಂತರ್ಜಾಲವನ್ನು ಕಂಡವರಲ್ಲ, ಮನುಷ್ಯನನ್ನು ಕಂಡವರು. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು. ಸುಳ್ಳು ಹೊಗಳಿಕೆ ತಡೆಯಲು ಅಕ್ಕಿ ಸಿಮೆಂಟುಗಳಿಗೆ ಇರುವಂತೆ ಒಂದು ಮಾನಕ ಬೇಕಾಯಿತೆಂದರೆ ರೋಗ ಎಷ್ಟು ಹಬ್ಬಿದೆಯೆಂದು ಊಹಿಸಬಹುದು.

ಇಲ್ಲಿ ಸೋದರಮಾವನ ಮಕ್ಕಳನ್ನೂ ಬಿಟ್ಟುಬಿಡುವಂತಿಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದ ಪಾಪ ಒಳಬರುತ್ತದೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಸೈ ಎನ್ನುವುದು. ಲಿಂಕ್ಡ್‌ಇನ್ 2012ರಲ್ಲಿ ಒಂದು ಅನುಕೂಲವನ್ನು ಸೇರಿಸಿತು: ಪರಿಚಯದವರ ಕೌಶಲವನ್ನು ಒಂದು ಗುಂಡಿ ಒತ್ತಿ ದೃಢೀಕರಿಸಬಹುದು. ಒಬ್ಬನು ಒತ್ತುತ್ತಾನೆ, ಇನ್ನೊಬ್ಬನು ಋಣ ತೀರಿಸಲೆಂದು ತಿರುಗಿ ಒತ್ತುತ್ತಾನೆ. ಅವನ ಕೆಲಸವನ್ನು ಇವನು ನೋಡಿಲ್ಲ, ಇವನ ಕೆಲಸವನ್ನು ಅವನೂ ನೋಡಿಲ್ಲ. ಅನುಮೋದನೆ ಎಂಬ ಶಾಸ್ತ್ರದ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪಾಠಶಾಲೆಯ ಪಂಡಿತರೂ ಕಲ್ಪಿಸಲಾರರು. ಹಿಂದೆ ಒಬ್ಬನಿಗೆ ಜಾಮೀನು ನಿಲ್ಲುವಾಗ ಮನೆಯಲ್ಲಿ ನಾಲ್ಕು ದಿನ ವಿಚಾರ ನಡೆಯುತ್ತಿತ್ತು. ಹೆಂಡತಿ ಬೇಡವೆನ್ನುತ್ತಿದ್ದಳು, ಅಣ್ಣ ಯೋಚಿಸು ಎನ್ನುತ್ತಿದ್ದನು. ಈಗ ಚಹಾ ತಣಿಯುವಷ್ಟರಲ್ಲಿ ಹತ್ತು ಜನರಿಗೆ ಜಾಮೀನು ನಿಲ್ಲಲಾಗುತ್ತಿದೆ.

ಅಂಗಡಿಯ ಪುಟಕ್ಕಿಂತ ಕಠಿಣವಾದುದು ನೌಕರಿ ಹುಡುಕುವ ತರುಣನ ಸ್ಥಿತಿ. ಪುಣೆ, ಬೆಂಗಳೂರುಗಳ ದೊಡ್ಡ ಕಂಪನಿಗಳಲ್ಲಿ ಸಾವಿರಾರು ಅರ್ಜಿಗಳನ್ನು ಮೊದಲು ಓದುವುದು ಮನುಷ್ಯನಲ್ಲ, ಗಣಕಯಂತ್ರ. ಅದು ಕೆಲವು ಶಬ್ದಗಳನ್ನು ಹುಡುಕುತ್ತದೆ. ಆ ಶಬ್ದ ಕಂಡರೆ ಒಳಗೆ, ಕಾಣದಿದ್ದರೆ ಹೊರಗೆ. ಐದು ಜನರ ತಂಡದಲ್ಲಿ ಲೆಕ್ಕದ ತಖ್ತೆ ತುಂಬುತ್ತಿದ್ದ ಹುಡುಗ 'ನೆರವಾದೆ' ಎಂದು ಬರೆದರೆ ಜರಡಿಯಿಂದ ಕೆಳಗೆ ಬೀಳುತ್ತಾನೆ. 'ತಂಡದ ನೇತೃತ್ವ ವಹಿಸಿದೆ' ಎಂದು ಬರೆದ ಗೆಳೆಯ ಮೇಲೆ ಉಳಿಯುತ್ತಾನೆ. ತಂದೆ ಸಾಲ ಮಾಡಿ ಓದಿಸಿದ್ದಾನೆ, ಬ್ಯಾಂಕಿನ ಕಂತು ಬಂದು ನಿಂತಿದೆ, ತಂಗಿಯ ಮದುವೆ ಇದೆ. ಇಂತಹ ಹುಡುಗನಿಗೆ ಎ.ಸಿ. ಸಭಾಂಗಣದಲ್ಲಿ ಕುಳಿತು ಸತ್ಯವ್ರತದ ಉಪದೇಶ ಮಾಡುವುದು ಸುಲಭ. ಸತ್ಯ ಬರೆದರೂ ನೌಕರಿ ಸಿಕ್ಕೇ ಸಿಗುತ್ತದೆ ಎಂದು ಆಶ್ವಾಸನೆ ಕೊಡುವವರು ತಾವೇ ಒಂದು ಸುಳ್ಳನ್ನು ನುಡಿಯುತ್ತಿದ್ದಾರೆ. ಕೆಲವೊಮ್ಮೆ ಸಿಗುವುದಿಲ್ಲ. ಗೆಳೆಯನಿಗೆ ಸಿಗುತ್ತದೆ.

ಹಾಗಿದ್ದರೂ ಅವನೇಕೆ ಬರೆಯಬಾರದು ಎಂಬುದಕ್ಕೆ ಉತ್ತರ ತಕ್ಕಡಿಯಲ್ಲಿದೆ. ಹೀನಾಧಿಕ ಮಾನೋನ್ಮಾನವೆಂದರೆ ಕೊಳ್ಳುವಾಗ ದೊಡ್ಡ ಕೊಳಗ, ಕೊಡುವಾಗ ಸಣ್ಣ ಕೊಳಗ. ನೇತೃತ್ವ ವಹಿಸಿದೆನೆಂದು ಬರೆದವನು ವಿಶ್ವಾಸ, ಸಂಬಳ, ಹುದ್ದೆಗಳನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾನೆ. ತಿರುಗಿ ಕೊಡುವ ಕೆಲಸವನ್ನು ಸಣ್ಣ ಕೊಳಗದಲ್ಲಿ ಅಳೆಯುತ್ತಾನೆ, ಏಕೆಂದರೆ ಅವನ ಬಳಿ ಇರುವುದೇ ಅಷ್ಟು. ಎರಡರ ನಡುವಿನ ಅಂತರವನ್ನು ಯಾರೋ ಒಬ್ಬರು ತುಂಬಲೇಬೇಕು. ಅದನ್ನು ಕಂಪನಿಯ ಮಾಲೀಕನು ತುಂಬುತ್ತಾನೆಂದು ಹುಡುಗ ತಿಳಿದಿರುತ್ತಾನೆ. ನಿಜವಾಗಿ ತುಂಬುವವರು ಪಕ್ಕದ ಮೇಜಿನಲ್ಲಿ ರಾತ್ರಿ ಹತ್ತರವರೆಗೆ ಕುಳಿತು ಇವನ ತಪ್ಪುಗಳನ್ನು ತಿದ್ದುವ ಸಹೋದ್ಯೋಗಿಗಳು, ಮತ್ತು ಆ ಸ್ಥಾನಕ್ಕೆ ಅರ್ಹನಾಗಿದ್ದು ಜರಡಿಯಿಂದ ಬಿದ್ದ ಇನ್ನೊಬ್ಬ ಬಡ ಹುಡುಗ. ಹೀಗಾಗಿ ಇದು ಮಾತಿನ ದೋಷ ಮಾತ್ರವಲ್ಲ, ಅಳತೆಯ ದೋಷವೂ ಹೌದು. ಸತ್ಯವ್ರತಕ್ಕೆ ಆದ ಗಾಯದ ನೋವು ಅಚೌರ್ಯ ವ್ರತಕ್ಕೂ ಮುಟ್ಟುತ್ತದೆ.

ಜಾಣ ಹುಡುಗರು ಇಲ್ಲೊಂದು ವಾದ ಹೂಡುವುದುಂಟು. ಶಾಸ್ತ್ರದಲ್ಲಿ ಹತ್ತು ಬಗೆಯ ಸತ್ಯಗಳಿವೆಯಲ್ಲವೇ, ಅದರಲ್ಲಿ ನಾಮಸತ್ಯವೂ ಒಂದಲ್ಲವೇ? ಜಿನನು ಕೊಡದಿದ್ದರೂ ಮಗುವಿಗೆ ಜಿನದತ್ತನೆಂದು ಹೆಸರಿಟ್ಟರೆ ಅದು ಸುಳ್ಳಲ್ಲ. ಹಾಗೆಯೇ ಒಬ್ಬನೇ ನಡೆಸುವ ಸಂಸ್ಥೆಯ ಮುಖ್ಯಸ್ಥನು ತನ್ನನ್ನು ಸಿಇಒ ಎಂದು ಕರೆದುಕೊಂಡರೆ ಏನಾಯಿತು? ವಾದ ಚೆನ್ನಾಗಿದೆ. ಆದರೆ ಜಿನದತ್ತನೆಂಬ ಹೆಸರು ಕೇಳಿ ಇದುವರೆಗೆ ಯಾರೂ ಮೋಸ ಹೋಗಿಲ್ಲ, ಆ ಹೆಸರನ್ನು ನಂಬಿ ಯಾರೂ ಮುಂಗಡ ಹಣ ಕಳುಹಿಸಿಲ್ಲ. ಕೇಳುವವನು ಅದನ್ನು ಬರಿಯ ಹೆಸರೆಂದು ತಿಳಿದಿರುವವರೆಗೆ ಮಾತ್ರ ಅದು ನಾಮಸತ್ಯ.

2022ರ ಕೊನೆಯಿಂದ ಚಾಟ್‌ಜಿಪಿಟಿಯಂತಹ ಕೃತಕ ಬುದ್ಧಿಯ ಯಂತ್ರಗಳೂ ಈ ಬರವಣಿಗೆಗೆ ಕೈ ಹಾಕಿವೆ. ಭಾಷೆ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲ. ಹಿಂದೆ ಅರ್ಜಿಯನ್ನು ಮಾಸ್ತರರಿಂದ ತಿದ್ದಿಸುತ್ತಿದ್ದರು. ಆದರೆ ಹುಡುಗ ಎರಡು ಸಾಲು ಕೊಟ್ಟರೆ ಯಂತ್ರ ಇಪ್ಪತ್ತು ಸಾಲು ಕೊಡುತ್ತದೆ. ಉಳಿದ ಹದಿನೆಂಟು ಸಾಲು ಯಾರ ಜೀವನದಿಂದ ಬಂದವು ಎಂದು ಅವನು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ಒಮ್ಮೆ ಬರೆದ ಸುಳ್ಳು ಸುಮ್ಮನೆ ಕುಳಿತಿರುವುದಿಲ್ಲ ಎಂಬುದಕ್ಕೆ ಅಮೆರಿಕೆಯ ಒಂದು ಪ್ರಸಂಗವನ್ನು ನೆನೆಯಬೇಕು. ಎಂಐಟಿ ಎಂದು ಜಗತ್ಪ್ರಸಿದ್ಧವಾದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೇರಿಲೀ ಜೋನ್ಸ್ ಎಂಬ ಮಹಿಳೆ 1979ರಲ್ಲಿ ಪ್ರವೇಶ ವಿಭಾಗದ ಕಿರಿಯ ಕೆಲಸಕ್ಕೆ ಸೇರಿದರು. ಅರ್ಜಿಯಲ್ಲಿ ತಮಗಿಲ್ಲದ ಪದವಿಗಳನ್ನು ಬರೆದಿದ್ದರು. ಆ ಕಿರಿಯ ಕೆಲಸಕ್ಕೆ ಪದವಿ ಬೇಕಾಗಿಯೇ ಇರಲಿಲ್ಲವೆಂದು ಮುಂದೆ ಹೇಳಲಾಯಿತು. ಆಕೆ ದಕ್ಷರು. ಮೇಲೇರುತ್ತ ಏರುತ್ತ ಆ ವಿಭಾಗದ ಡೀನ್ ಆದರು. ಪ್ರವೇಶಕ್ಕಾಗಿ ಮಕ್ಕಳು ತಮ್ಮನ್ನು ಉಬ್ಬಿಸಿ ತೋರಿಸಬಾರದು, ಇರುವಂತೆಯೇ ತೋರಿಸಿಕೊಳ್ಳಬೇಕು ಎಂದು ದೇಶವಿಡೀ ಹೇಳಿ ಗೌರವ ಗಳಿಸಿದರು. ಈ ವಿಷಯವಾಗಿ ಪುಸ್ತಕವೊಂದರ ಸಹಲೇಖಕಿಯೂ ಆದರು. 28 ವರ್ಷಗಳ ನಂತರ, 2007ರ ಏಪ್ರಿಲ್ ತಿಂಗಳಲ್ಲಿ ಹಳೆಯ ಸುಳ್ಳು ಹೊರಬಿದ್ದು ಅವರು ರಾಜೀನಾಮೆ ಕೊಟ್ಟರು. ಸೇರುವಾಗ ಸುಳ್ಳು ಹೇಳಿದ್ದಲ್ಲದೆ, ಅನಂತರ ಅದನ್ನು ತಿದ್ದುವ ಧೈರ್ಯ ತಮಗೆ ಬರಲಿಲ್ಲವೆಂದೂ ಅವರೇ ಒಪ್ಪಿಕೊಂಡರು.

ಪರರ ದೋಷವನ್ನು ಎತ್ತಿ ಆಡುವುದಕ್ಕಾಗಿ ಇದನ್ನು ಹೇಳಿದ್ದಲ್ಲ. ಆಕೆಯೇ ಬಹಿರಂಗವಾಗಿ ಒಪ್ಪಿಕೊಂಡ ವಿಷಯವಿದು. ಅವರು ಉಪದೇಶಿಸಿದ್ದು ಸತ್ಯವೇ ಆಗಿತ್ತು, ಅನೇಕ ಮಕ್ಕಳಿಗೆ ಅದರಿಂದ ಹಿತವೇ ಆಯಿತು. ಆ ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟು ರಾತ್ರಿ ಆ ಎರಡು ಸಾಲುಗಳು ಅವರ ನಿದ್ದೆಯನ್ನು ಕೆಡಿಸಿರಬಹುದು! ಮೊದಲ ವರ್ಷ ತಿದ್ದಿದ್ದರೆ ಒಂದು ಕಿರಿಯ ನೌಕರಿ ಹೋಗುತ್ತಿತ್ತು, ಬಹುಶಃ ಅದೂ ಹೋಗುತ್ತಿರಲಿಲ್ಲ. ಹತ್ತನೆಯ ವರ್ಷ ತಿದ್ದುವುದು ಹೆಚ್ಚು ದುಬಾರಿ. ಇಪ್ಪತ್ತನೆಯ ವರ್ಷ ಅಸಾಧ್ಯವೆನಿಸುವಷ್ಟು ದುಬಾರಿ. ಸುಳ್ಳು ಬಡ್ಡಿಯ ಸಾಲದಂತೆ ಬೆಳೆಯಿತು. ಪ್ರತಿಕ್ರಮಣವನ್ನು ವರ್ಷಕ್ಕೊಮ್ಮೆ ಮಾತ್ರವಲ್ಲದೆ ಪಕ್ಷಕ್ಕೂ ದಿನಕ್ಕೂ ವಿಧಿಸಿದ ಹಿರಿಯರು ಈ ಬಡ್ಡಿಯ ಲೆಕ್ಕವನ್ನು ಅರಿತಿದ್ದರೆಂದು ತೋರುತ್ತದೆ. ಅಂತರ್ಜಾಲದ ಪರಿಚಯಪತ್ರಕ್ಕೆ ಒಂದು ಸೌಲಭ್ಯವಿದೆ: ಕಾಗದದ ಅರ್ಜಿಯಂತೆ ಅದು ಕೈಬಿಟ್ಟು ಹೋಗಿರುವುದಿಲ್ಲ, ಯಾವ ಕ್ಷಣದಲ್ಲಾದರೂ ತಿದ್ದಬಹುದು. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಉಪವಾಸ ಮಾಡುವ ತರುಣರು ಆ ದಿನ ಒಂದು ಗಳಿಗೆ ತಮ್ಮ ಪ್ರೊಫೈಲನ್ನು ತೆರೆದು ಓದಿಕೊಂಡರೆ ಉಪವಾಸಕ್ಕೆ ಭಂಗವೇನೂ ಬಾರದು.

ಇನ್ನು ಮುಂದೂಡಿದ ವಿಷಯ. ಇಲ್ಲದ್ದನ್ನು ತೋರಿಸುವಷ್ಟೇ ದೊಡ್ಡ ದೋಷ ಪರರಲ್ಲಿ ಇರುವುದನ್ನು ಮುಚ್ಚುವುದು. ಎಷ್ಟೋ ಅಂಗಡಿಗಳಲ್ಲಿ ಲೆಕ್ಕವನ್ನು ನಿಜವಾಗಿ ನೋಡುವವಳು ಮನೆಯ ಸೊಸೆ. 2017ರಲ್ಲಿ ಜಿಎಸ್‌ಟಿ ಬಂದಾಗ ಗಂಡಸರು ಗಾಬರಿಯಾಗಿ ಕುಳಿತಿದ್ದರೆ, ವಾಣಿಜ್ಯ ಓದಿದ್ದ ಸೊಸೆಯಂದಿರು ಅಡುಗೆ ಮುಗಿಸಿ ರಾತ್ರಿ ಬಿಲ್ಲುಗಳನ್ನು ಜೋಡಿಸಿ ತಿಂಗಳು ತಿಂಗಳಿನ ರಿಟರ್ನ್ ಸಲ್ಲಿಸಿದ ಮನೆಗಳಿವೆ. ಅಂಗಡಿಯ ಪುಟದಲ್ಲಿ ಅವಳ ಹೆಸರಿಲ್ಲ. ಅವಳದೇ ಆದ ಪರಿಚಯಪತ್ರವನ್ನು ಯಾರಾದರೂ ಬರೆಯಿಸಿದರೆ 'ಗೃಹಿಣಿ' ಎಂದು ಒಂದೇ ಶಬ್ದ ಬರೆದು ನಿಲ್ಲಿಸುತ್ತಾಳೆ. ಇದನ್ನು ವಿನಯವೆಂದು ಮನೆಯವರು ಮೆಚ್ಚುತ್ತಾರೆ. ನಾಳೆ ಅವಳಿಗೆ ದುಡಿಯುವ ಅವಶ್ಯಕತೆ ಬಂದರೆ, ಬಾರದಿರಲಿ, ಆದರೆ ಬಂದರೆ, ಏಳೆಂಟು ವರ್ಷಗಳ ಅನುಭವ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಅವಳ ಮಟ್ಟಿಗೆ ಅದು ವಿನಯವೇ ಇರಬಹುದು. ಆ ಲೆಕ್ಕವನ್ನೆಲ್ಲ ತಾನೇ ನೋಡಿದೆನೆಂದು ತನ್ನ ಪುಟದಲ್ಲಿ ಬರೆದುಕೊಂಡ ಗಂಡನ ಮಟ್ಟಿಗೆ ಅದಕ್ಕೆ ಬೇರೆಯೇ ಹೆಸರಿದೆ. ಇಲ್ಲಿ ಸತ್ಯವೆಂದರೆ ಕಡಿಮೆ ಬರೆಯುವುದಲ್ಲ, ಹೆಚ್ಚು ಬರೆಯುವುದು.

ಚಾದರದ ಅಂಗಡಿಯ ಸಂಗತಿ ಅರ್ಧಕ್ಕೇ ನಿಂತಿತ್ತು. ತಂದೆಯ ಮಾತು ಕೇಳಿ ಮಗ ಮೂರು ದಿನ ಮುನಿಸಿಕೊಂಡಿದ್ದನು. ನಾಲ್ಕನೆಯ ದಿನ 'ತಯಾರಕರು' ಎಂಬುದನ್ನು ತೆಗೆದು 'ಸಗಟು ವ್ಯಾಪಾರಿಗಳು' ಎಂದು ಹಾಕಿದನು. ಕಾರ್ಖಾನೆಯ ಚಿತ್ರ ತೆಗೆದು ಅಂಗಡಿಯ ಕಪಾಟುಗಳ ಚಿತ್ರ ಹಾಕಿದನು; ಒಂದು ಮೂಲೆಯಲ್ಲಿ ಮುನೀಮರ ಟೊಪ್ಪಿಗೆಯೂ ಕಾಣುತ್ತಿತ್ತು. ಗೆಳೆಯರಿಗೆ ಹೇಳಿ ಹೊಗಳಿಕೆಗಳನ್ನು ಅಳಿಸಿದನು. ಹದಿನೆಂಟರಲ್ಲಿ ಏಳು ಉಳಿದವು, ಅವುಗಳಲ್ಲಿ ಒಂದು ಬೈಗುಳ. ಬರುತ್ತಿದ್ದ ಫೋನುಗಳು ಕಡಿಮೆಯಾದವು. ಅನಂತರ ಅವನು ಪುಟದಲ್ಲಿ ಉಳಿದಿದ್ದ ಒಂದು ಸಾಲನ್ನು ತಂದೆಗೆ ತೋರಿಸಿದನು. 'ಸ್ಥಾಪನೆ 1948' ಎಂದಿತ್ತು. ಅದು ಅವನು ಕಲ್ಪಿಸಿದ್ದಲ್ಲ, ಅಂಗಡಿಯ ಹಲಗೆಯಿಂದ ಇಳಿಸಿಕೊಂಡದ್ದು.

"ಅಪ್ಪಾ, ಅಜ್ಜ ಆವಾಗ ಹೆಗಲ ಮ್ಯಾಲ ಗಂಟು ಹೊತ್ತು ಹಳ್ಳಿ ಹಳ್ಳಿ ತಿರಗತಿದ್ದರು ಅಂತ ನೀವ ಹೇಳೀರಿ. ಅಂಗಡಿ ತಗದದ್ದು ಅರವತ್ತೊಂದರಾಗ ಅಲ್ಲೇನು?"

ತಂದೆ ಉತ್ತರ ಕೊಡಲಿಲ್ಲ. ಆ ಹಲಗೆಯನ್ನು ಬರೆಸಿದವರು ಅವರೇ. ದೀಪಾವಳಿಗೆ, ವೀರ ನಿರ್ವಾಣದ ಹೊಸ ವರ್ಷದ ವಹಿ ಪೂಜೆಗೆ ಮೊದಲು, ಪ್ರತಿ ವರ್ಷದಂತೆ ಅಂಗಡಿಗೆ ಸುಣ್ಣಬಣ್ಣ ಮಾಡಿಸಲು ಪೇಂಟರ್ ಬಂದನು. ಹಳೆಯ ಅಕ್ಷರಗಳ ಮೇಲೆಯೇ ಬಣ್ಣ ತೀಡಲಿಕ್ಕೆ ಅವನು ಏಣಿ ಹತ್ತಿದಾಗ ತಂದೆ ಕೆಳಗಿನಿಂದ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದರು. ಆಮೇಲೆ ಕೊನೆಯ ಎರಡು ಅಂಕಿಗಳನ್ನು ಬಿಟ್ಟು ಉಳಿದದ್ದನ್ನು ತೀಡು ಎಂದು ಹೇಳಿ, ಮಗನನ್ನು ಕರೆದು, ಅಜ್ಜನ ಕಾಲದ ಮೊದಲ ಕೀರ್ದಿ ಪುಸ್ತಕ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ, ತೆಗೆದುಕೊಂಡು ಬಾ, ಅದರ ಮೇಲಿನ ತಾರೀಖು ನೋಡೋಣ ಎಂದರು.